ಮಂಗಳವಾರದ ಧ್ವನಿ

ಒಂಬತ್ತು ವರ್ಷಗಳಲ್ಲಿ ಅವಳು ಆ ಮನುಷ್ಯನಿಗೆ ಕಡಿಮೆಯೆಂದರೂ ಇನ್ನೂರು ಸಲ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದಿದ್ದಳು. ಒಂದು ಸಲವೂ ಅವನ ಮುಖ ನೋಡಿರಲಿಲ್ಲ.

ಕೆಲಸವೇ ಅಂಥದ್ದು. ಬೇರೆ ಭಾಷೆಯ ಪ್ರೇಮಚಿತ್ರಗಳನ್ನು ಟೀವಿಯವರು ತರಿಸುತ್ತಾರೆ. ಆ ನಾಯಕಿಯರ ತುಟಿಗೆ ಸರಿಯಾಗಿ ನಮ್ಮ ಮಾತು ಕೂರಿಸುವವಳು ಅವಳು. ಡಬ್ಬಿಂಗ್ ಅಂದರೆ ಗಂಡು ಹೆಣ್ಣು ಇಬ್ಬರೂ ಒಂದೇ ಮೈಕಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತು ಮಾತಾಡುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ಅದೆಲ್ಲ ಸುಳ್ಳು. ನಾಯಕನ ಮಾತು ಮಂಗಳವಾರ, ನಾಯಕಿಯ ಮಾತು ಗುರುವಾರ. ಅತ್ತೆ, ಮಾವ, ಪೊಲೀಸು, ಕಳ್ಳ ಎಲ್ಲ ಸೇರಿ ಶನಿವಾರ. ಅವನು ಮಂಗಳವಾರ ಬಂದು, ಮೂಲ ಚಿತ್ರದ ಶಬ್ದ ಕೇಳಿಕೊಂಡು, ತನ್ನ ಪಾಲಿನ ಮಾತು ಹೇಳಿ ಮನೆಗೆ ಹೋಗುತ್ತಿದ್ದ. ಎರಡು ದಿನ ಕಳೆದು ಅವಳು ಅದೇ ಕೋಣೆಯಲ್ಲಿ, ಅದೇ ಮೈಕಿನ ಮುಂದೆ, ಹೆಡ್‌ಫೋನಿನಲ್ಲಿ ಅವನ ಧ್ವನಿ ಕೇಳಿಸಿಕೊಂಡು ಉತ್ತರ ಕೊಡುತ್ತಿದ್ದಳು. ಅವನು ಕೇಳಿದ್ದಕ್ಕೆಲ್ಲ ಅವಳು ಉತ್ತರ ಕೊಟ್ಟಿದ್ದಳು. ಅದರಲ್ಲಿ ಒಂದೂ ಅವನ ಕಿವಿಗೆ ಬಿದ್ದಿರಲಿಲ್ಲ.

ಅವಳಿಗೆ ನಲವತ್ತೆರಡು ವರ್ಷ, ಅವಳ ಧ್ವನಿಗೆ ಇಪ್ಪತ್ತು. ಫೋನ್ ಎತ್ತಿದರೆ ಎಷ್ಟೋ ಜನ “ಪುಟ್ಟಿ, ಮನೇಲಿ ದೊಡ್ಡವರಿದ್ರೆ ಕೊಡಮ್ಮ” ಅನ್ನುತ್ತಿದ್ದರು. ಮನೆಯಲ್ಲಿ ದೊಡ್ಡವರು ಯಾರೂ ಇರಲಿಲ್ಲ, ಚಿಕ್ಕವರೂ ಇರಲಿಲ್ಲ. ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆ, ಹಗಲೆಲ್ಲ ಕೆಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು. ಬೇರೆ ಊರಿನಲ್ಲಿದ್ದ ಅಕ್ಕ ವರ್ಷಕ್ಕೆರಡು ಸಲ ಫೋನ್ ಮಾಡಿ “ಏನೇ, ಇನ್ನೂ ಹಾಗೇ ಇದೀಯಾ?” ಎಂದು ಕೇಳಿ, ಹೂಂ ಎಂದ ಕೂಡಲೇ ತನ್ನ ಮಂಡಿನೋವಿನ ಕತೆ ಶುರುಮಾಡುತ್ತಿದ್ದಳು.

ತನಗೆ ಹುಚ್ಚು ಹಿಡಿದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೆಡ್‌ಫೋನಿನಲ್ಲಿ ಬರುವುದು ಯಾರೋ ಬರೆದುಕೊಟ್ಟ ಮಾತು. ಅದನ್ನು ಹೇಳುವವನು ಅವಳಿಗೆ ಹೇಳುತ್ತಿಲ್ಲ, ಯಾರಿಗೂ ಹೇಳುತ್ತಿಲ್ಲ, ಹೊಟ್ಟೆಪಾಡಿಗೆ ಹೇಳುತ್ತಿದ್ದಾನೆ. ಇಷ್ಟೆಲ್ಲ ಗೊತ್ತಿದ್ದೂ ಬುಧವಾರ ಸಂಜೆ ಅವಳು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ವಾರದಲ್ಲಿ ಒಬ್ಬ ಗಂಡಸು ಅವಳ ಕಿವಿಯಲ್ಲಿ ಮೆತ್ತಗೆ ಮಾತಾಡುವ ದಿನ ಗುರುವಾರ ಒಂದೇ. ಮನಸ್ಸಿನಲ್ಲೇ ಅವನಿಗೆ ‘ಮಂಗಳವಾರದವನು’ ಎಂದು ಹೆಸರಿಟ್ಟುಕೊಂಡಿದ್ದಳು. ನಿಜವಾದ ಹೆಸರನ್ನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಹೆಂಡತಿ ಮಕ್ಕಳ ವಿಷಯವೂ ಬಂದುಬಿಟ್ಟೀತು ಎಂಬ ಭಯ.

ಒಂದು ಗುರುವಾರ ಹೆಡ್‌ಫೋನಿನಲ್ಲಿ ಬೇರೆ ಯಾರೋ ಮಾತಾಡಿದರು.

“ಯಾರಿದು?” ಅವಳು ಗಾಜಿನ ಆಚೆ ಕೂತಿದ್ದ ಸೌಂಡ್ ಇಂಜಿನಿಯರನ್ನು ಕೇಳಿದಳು.

“ಹೊಸಬ ಅಕ್ಕ. ಸ್ವಲ್ಪ ಮೂಗಲ್ಲಿ ಮಾತಾಡ್ತಾನೆ, ಅಡ್ಜಸ್ಟ್ ಮಾಡ್ಕೊಳ್ಳಿ.”

“ಮೊದಲಿನವರು?”

“ಅವ್ರಿಗೆ ಗಂಟಲು ಹೋಯ್ತು. ಗಡ್ಡೆಯಂತೆ. ದೊಡ್ಡಾಸ್ಪತ್ರೆಲಿ ಇದಾರೆ.” ಅವನು ಬಿಸ್ಕತ್ತು ಕಡಿದ. “ಪಾಪ, ನೋಡ್ಕೊಳ್ಳೋಕೆ ಒಂದು ನಾಯಿಯೂ ಇಲ್ಲ ಅವ್ರಿಗೆ. ಯಾಕಕ್ಕ, ಪರಿಚಯವಾ?”

ಅವಳು “ಇಲ್ಲ” ಎಂದಳು. ಅದು ಸತ್ಯವೇ ಆಗಿತ್ತು.

ಅವತ್ತಿನ ದೃಶ್ಯದಲ್ಲಿ ನಾಯಕ ರೈಲು ಹತ್ತುವ ಮುನ್ನ ನಾಯಕಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಡಬ್ಬಿಂಗ್ ನಿರ್ದೇಶಕರು ಅಲ್ಲಿ ಒಂದು ಮಾತು ಹೆಚ್ಚಿಗೆ ಸೇರಿಸಿದ್ದರು. ಮೂಲದಲ್ಲಿ ಅವನು ಸುಮ್ಮನೆ ನಿಂತಿರುತ್ತಾನೆ. ಇಲ್ಲಿ ‘ನಿನಗಾಗಿ ತಿರುಗಿ ಬರುತ್ತೇನೆ’ ಅನ್ನುತ್ತಾನೆ. ಡಬ್ಬಿಂಗಿನಲ್ಲಿ ಇದು ದಿನನಿತ್ಯದ ವಿದ್ಯೆ. ತುಟಿ ಕಾಣುವಾಗ ಲೆಕ್ಕಾಚಾರ ಬೇಕು. ಪಾತ್ರ ಬೆನ್ನು ತಿರುಗಿಸಿತೋ, ಅದಕ್ಕೆ ಏನು ಬೇಕಾದರೂ ಮಾತು ಹಾಕಬಹುದು, ಕೇಳುವವರಿಲ್ಲ.

ಅವಳು ಹೋಗುತ್ತಿದ್ದ ಸಣ್ಣ ಚರ್ಚಿನಲ್ಲಿ ರೋಗಿಗಳನ್ನು ನೋಡಿಬರುವ ಗುಂಪೊಂದಿತ್ತು. ಗುಂಪೆಂದರೆ ಮುಖ್ಯವಾಗಿ ಪಾದ್ರಿಯವರ ಹೆಂಡತಿ. ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಬುಧವಾರ ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಹೊರಡುವುದು, ಜೊತೆಗೆ ಸಿಕ್ಕವರನ್ನು ಎಳೆದುಕೊಂಡು ಹೋಗುವುದು. ಆ ಭಾನುವಾರ ಆರಾಧನೆ ಮುಗಿದ ಮೇಲೆ ಅವಳೇ ಹೋಗಿ ಒಬ್ಬ ರೋಗಿಯ ವಿಷಯ ಹೇಳಿದಳು.

“ನಮ್ಮ ಸಭೆಯವನಾ?”

“ಅಲ್ಲ.”

“ದೇವರು ಗೀವರು ನಂಬ್ತಾನಾ?”

“ಗೊತ್ತಿಲ್ಲ ದೊಡ್ಡಮ್ಮ.”

“ಸರಿ ಬಿಡು, ಅವನ ಹತ್ರ ಸರ್ಟಿಫಿಕೇಟ್ ಕೇಳಕ್ಕೆ ಹೋಗ್ತಿಲ್ಲವಲ್ಲ.” ದೊಡ್ಡಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. “ಮೂರು ಮಾತು ನೆನಪಿಟ್ಕೋ. ಮಂಚದ ಮೇಲೆ ಕೂರಬಾರದು. ‘ನಮ್ಮ ಚಿಕ್ಕಪ್ಪನಿಗೂ ಇದೇ ಆಗಿತ್ತು, ಹೋಗಿಬಿಟ್ರು’ ಅನ್ನಬಾರದು. ಕೇಳದೆ ಪ್ರಾರ್ಥನೆ ಮಾಡಬಾರದು. ಇಷ್ಟು ಮಾಡಿದ್ರೆ ಸಾಕು, ಉಳಿದದ್ದು ಭಗವಂತ ನೋಡ್ಕೋತಾನೆ.”

ಸ್ಟುಡಿಯೋದಲ್ಲಿ ಅವನ ಹೆಸರು ಕೇಳಿಕೊಂಡು ಬುಧವಾರ ಇಬ್ಬರೂ ಹೋದರು. ಗಂಡಸರ ವಾರ್ಡಿನ ಕೊನೆಯ ಮಂಚದಲ್ಲಿ, ಕಿಟಕಿಯ ಪಕ್ಕ, ಐವತ್ತು ದಾಟಿದ ಒಬ್ಬ ಸಣಕಲು ಮನುಷ್ಯ ಕೂತಿದ್ದ. ತಲೆ ಮುಕ್ಕಾಲು ಬೋಳು, ಕಿವಿಯಲ್ಲಿ ಕೂದಲು, ಮುಖದಲ್ಲಿ ಜಗತ್ತಿನ ಮೇಲೆಲ್ಲ ಒಂದು ಅಸಮಾಧಾನ. ಮಾತಾಡಬಾರದೆಂದು ಡಾಕ್ಟರು ಹೇಳಿದ್ದರಿಂದ ಕೈಯಲ್ಲಿ ಮಕ್ಕಳ ಸ್ಲೇಟು. ಅವಳು ಹಿಂದಿನ ಮಂಚದವನೇ ಅವನಿರಬಹುದೇ ಎಂದು ಒಂದು ಸಲ ತಿರುಗಿ ನೋಡಿದಳು. ಹಿಂದಿನ ಮಂಚದಲ್ಲಿ ಎಂಬತ್ತರ ಮುದುಕರಿದ್ದರು.

ಅವನು ಬರೆದ: ‘ಯಾರು ನೀವು?’

“ಚರ್ಚಿನವರು. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ” ಎಂದರು ದೊಡ್ಡಮ್ಮ.

‘ನನಗೆ ನಂಬಿಕೆ ಇಲ್ಲ.’

“ಬೇಡ ಬಿಡಿ. ಸೋಪಿದೆಯಾ?”

ಅವನು ಸ್ಲೇಟು ಒರೆಸಿ ಬರೆದ: ‘ಇಲ್ಲ.’

ಹಾಗೆ ಶುರುವಾಯಿತು. ಮುಂದಿನ ವಾರದಿಂದ ಅವಳೊಬ್ಬಳೇ ಹೋಗತೊಡಗಿದಳು, ವಾರಕ್ಕೊಂದು ಸಲ ಹೋಗಿ ಎರಡಾಯಿತು, ಮೂರಾಯಿತು. ಸೋಪು, ಟವೆಲು, ಪೇಪರು ಒಯ್ದಳು. ಅವನು ಧನ್ಯವಾದ ಹೇಳುವ ಪೈಕಿಯಲ್ಲ. ‘ಪೇಪರು ನಿನ್ನೆಯದು’ ಎಂದು ಬರೆದು ತೋರಿಸುವ ಪೈಕಿ. ತಾನು ಯಾರೆಂದು ಅವಳು ಹೇಳಲಿಲ್ಲ. ಚರ್ಚಿನವಳು ಎಂದೇ ಇದ್ದಳು. ಎದುರಿಗೆ ಕೂತ ಈ ಸಿಡುಕನಿಗೂ ಕಿವಿಯಲ್ಲಿದ್ದ ಧ್ವನಿಗೂ ಏನೂ ಸಂಬಂಧ ಕಾಣದಿದ್ದರೂ, ಧ್ವನಿ ಇವನೊಳಗೆ ಎಲ್ಲೋ ಭದ್ರವಾಗಿದೆ, ಬಾವು ಇಳಿದ ಮೇಲೆ ಹೊರಗೆ ಬರುತ್ತದೆ ಎಂದು ಅವಳು ಕಾದಳು. ಬಂದಾಗ ತಾನು ಅಲ್ಲಿರಬೇಕು. ಆಗ ಅದು ಮೊದಲ ಸಲ ಅವಳನ್ನೇ ಉದ್ದೇಶಿಸಿ ಮಾತಾಡುತ್ತದೆ.

ನಾಲ್ಕನೇ ವಾರ ಅವಳಿದ್ದಾಗಲೇ ಡಾಕ್ಟರು ಬಂದರು. ಗಡಿಬಿಡಿಯ ಹೆಂಗಸು. ನಿಂತಲ್ಲೇ ವಿಷಯ ಬಿಡಿಸಿ ಹೇಳಿದರು. ದಾರಿ ಎರಡು. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಆದರೆ ಮಾತು ಶಾಶ್ವತವಾಗಿ ಹೋಯಿತು. ತೆಗೆಯದೆ ಬರೀ ಕಿರಣ ಚಿಕಿತ್ಸೆ ಕೊಟ್ಟರೆ ಧ್ವನಿ ಅಷ್ಟೋ ಇಷ್ಟೋ ಉಳಿದೀತು, ಆದರೆ ಗಡ್ಡೆ ಇಷ್ಟು ಬೆಳೆದಿರುವಾಗ ಜೀವದ ಭರವಸೆ ಕಮ್ಮಿ.

“ಯಾವುದು ಅಂತ ಹೇಳಿ. ಸೋಮವಾರದಿಂದ ಶುರು ಮಾಡಬೇಕು.”

ಅವನು ಸ್ಲೇಟು ಎತ್ತಲಿಲ್ಲ. ನಿಧಾನವಾಗಿ ಕಿಟಕಿಯ ಕಡೆ ತಿರುಗಿ ಕೂತ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಡಾಕ್ಟರು ಗಡಿಯಾರ ನೋಡಿದರು.

ಅವಳ ಬಾಯಿಂದ ಮಾತು ಹೊರಟೇಬಿಟ್ಟಿತು. ತಡವರಿಸಲಿಲ್ಲ, ಉಸಿರು ಸಿಕ್ಕಿಕೊಳ್ಳಲಿಲ್ಲ. ಮೊದಲ ಟೇಕಿನಲ್ಲೇ ಓಕೆ ಆಗುವಂಥ ಮಾತು.

“ಧ್ವನಿ ಹೋಗೋದು ಅವರಿಗೆ ಇಷ್ಟವಿಲ್ಲ ಡಾಕ್ಟ್ರೇ. ಮೊದಲಿಂದಲೂ ಹಾಗೇ ಹೇಳ್ತಿದಾರೆ. ಕಿರಣಾನೇ ಕೊಡಿ.”

“ನೀವು ಅವರ ಕಡೆಯವರಾ?”

“ಹೌದು.”

ಡಾಕ್ಟರು ಬೆನ್ನಿಗೆ ಕೇಳಿದರು: “ಆಗಬಹುದಾ?” ಬೆನ್ನು ಅಲ್ಲಾಡಲಿಲ್ಲ. ಡಾಕ್ಟರು ಫೈಲಿನಲ್ಲಿ ಬರೆದುಕೊಂಡು ಪಕ್ಕದ ಮಂಚಕ್ಕೆ ಹೋದರು.

ಅವನು ತಿರುಗಿದಾಗ ಮುಖದಲ್ಲಿ ಕೋಪವೇನೂ ಇರಲಿಲ್ಲ. ಸ್ಲೇಟಿನಲ್ಲೂ ಏನೂ ಬರೆಯಲಿಲ್ಲ. ಬೇಡವೆನಿಸಿದ್ದರೆ ಬರೆಯುತ್ತಿದ್ದ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆಸ್ಪತ್ರೆಯಿಂದ ಮನೆಯವರೆಗೂ ಅದನ್ನೇ ಹೇಳಿಕೊಂಡಳು. ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮರುದಿನ ಹೊಸಬನ ಮೂಗಿನ ಮಾತಿಗೆ ಅವಳು ಎಷ್ಟು ನಗುನಗುತ್ತ ಉತ್ತರ ಕೊಟ್ಟಳೆಂದರೆ, “ಏನಕ್ಕ, ಇವತ್ತು ಲವ್ವು ಜೋರಾಗಿದೆ!” ಎಂದು ಇಂಜಿನಿಯರು ಹೆಬ್ಬೆರಳೆತ್ತಿದ.

ಅವಳ ಚರ್ಚಿನಲ್ಲಿ ಒಂದು ರೂಢಿ. ಪ್ರಾರ್ಥನೆಗೆ ಮುಂಚೆ ಪಾದ್ರಿಯವರು “ಯಾರಿಗಾಗಿ, ಏನಕ್ಕಾಗಿ?” ಎಂದು ಕೇಳುತ್ತಾರೆ. ಬೇಕಾದವರು ಎದ್ದುನಿಂತು ಒಂದೇ ವಾಕ್ಯದಲ್ಲಿ ಹೇಳಬೇಕು. ಮಗಳ ಹೆರಿಗೆ ಸುಸೂತ್ರ ಆಗಲಿ ಅಂತ. ಗಂಡ ಕುಡಿಯೋದು ಬಿಡಲಿ ಅಂತ. ಆ ಭಾನುವಾರ ಪಾದ್ರಿಯವರ ಉಪದೇಶ ಪ್ರೀತಿಯ ಮೇಲೆಯೇ ಇತ್ತು. ಟೀವಿಯಲ್ಲಿ ಬರುವ ಸಿನಿಮಾಗಳನ್ನು ಒಂದಿಷ್ಟು ಬೈದರು. ಹುಡುಗ ಹುಡುಗಿ ಒಬ್ಬರಿಗೊಬ್ಬರು ಸಿಕ್ಕ ಕೂಡಲೇ ‘ಮುಗಿಯಿತು’ ಎಂದು ಹಾಕಿಬಿಡುತ್ತಾರೆ, ಮರುದಿನ ಹುಡುಗನಿಗೆ ಭೇದಿಯಾದರೆ ಬಟ್ಟೆ ಒಗೆಯುವವರು ಯಾರೆಂದು ತೋರಿಸುವುದಿಲ್ಲ ಎಂದರು. ಜನ ನಕ್ಕರು. ಶಿಲುಬೆಯ ಮೇಲಿದ್ದವನಿಗೆ ತನ್ನನ್ನು ಕೊಂದವರಿಂದ ಬರಬೇಕಾದದ್ದು ಏನೂ ಇರಲಿಲ್ಲ, ಆದರೂ ಅವರಿಗಾಗಿ ದೇವರಲ್ಲಿ ಕ್ಷಮೆ ಕೇಳಿಕೊಂಡ ಎಂದರು. ಇದನ್ನು ಅವಳು ನೂರು ಸಲ ಕೇಳಿದ್ದಳು. ಕೇಳುತ್ತ ಉಗುರು ನೋಡಿಕೊಳ್ಳುತ್ತಿದ್ದಳು.

“ಯಾರಿಗಾಗಿ, ಏನಕ್ಕಾಗಿ?”

ಅವಳು ಎದ್ದಳು. ಇಷ್ಟು ವರ್ಷಗಳಲ್ಲಿ ಎದ್ದದ್ದು ಅದೇ ಮೊದಲು. ಮೈಕಿಲ್ಲದಿದ್ದರೂ ಧ್ವನಿ ಕೊನೆಯ ಬೆಂಚಿನವರೆಗೂ ಸ್ಪಷ್ಟವಾಗಿ ಹೋಯಿತು.

“ಆಸ್ಪತ್ರೆಲಿರೋ ಒಬ್ಬರಿಗಾಗಿ. ಅವರ ಧ್ವನಿ ಉಳೀಲಿ ಅಂತ.”

ಮುಂದಿನ ಬೆಂಚಿನಲ್ಲಿದ್ದ ದೊಡ್ಡಮ್ಮ ತಿರುಗಿ ನೋಡಿ, ಪಿಸುಮಾತೆಂದರೆ ಏನೆಂದೇ ಗೊತ್ತಿಲ್ಲದವರ ಹಾಗೆ ಕೇಳಿದರು: “ಧ್ವನಿನಾ? ಜೀವ ಉಳೀಲಿ ಅಂತ ಕೇಳೋದಲ್ವೇನೇ?”

ಪಾದ್ರಿಯವರು ಕೆಮ್ಮಿದರು. ಅವಳು ಕೂತಳು. ಸುತ್ತಲಿನವರು ಕಣ್ಣು ಮುಚ್ಚಿದರು, ಅವಳಿಗೆ ಮುಚ್ಚಲಾಗಲಿಲ್ಲ.

ಆಮೇಲೆ ಹಿಂದಿನ ಕೋಣೆಯಲ್ಲಿ ದೊಡ್ಡಮ್ಮ ಚಹಾ ಲೋಟ ತೊಳೆಯುತ್ತಿದ್ದರು. ಅವಳು ಬಟ್ಟೆ ಹಿಡಿದು ಒರೆಸುತ್ತ ಎಲ್ಲವನ್ನೂ ಹೇಳಿದಳು. ಗುರುವಾರ, ಮಂಗಳವಾರ, ಬೆನ್ನು, ಡಾಕ್ಟರು. ಹೇಳುವಾಗ ಒಂಬತ್ತು ವರ್ಷದ ವಿಷಯ ನಾಲ್ಕು ಲೋಟ ಒರೆಸುವಷ್ಟರಲ್ಲಿ ಮುಗಿದುಹೋಯಿತು.

“ಅವರು ಸತ್ತರೂ ಪರವಾಗಿಲ್ಲ ಅಂತ ನಾನು ಅಂದುಕೊಳ್ಳಲಿಲ್ಲ ದೊಡ್ಡಮ್ಮ.”

“ಅಂದುಕೊಳ್ಳದೇನೇ ಹೇಳಿಬಿಟ್ಟೆ. ಇನ್ನೂ ಚೆನ್ನಾಯ್ತು.”

“ಅವರ ಮೇಲೆ ನನಗೆ…”

“ಅವನ ಮೇಲಲ್ಲ, ಅವನ ಗಂಟಲ ಮೇಲೆ.” ದೊಡ್ಡಮ್ಮ ನಲ್ಲಿ ನಿಲ್ಲಿಸಿದರು. “ನೋಡು, ನನ್ನ ಯಜಮಾನರು ಪ್ರೀತಿ ಅಂದ್ರೆ ಏನು ಅಂತ ಮೂವತ್ತು ವರ್ಷದಿಂದ ಅಲ್ಲಿ ನಿಂತು ಹೇಳ್ತಾನೇ ಇದಾರೆ. ನನಗೆ ಅಷ್ಟು ತಿಳಿಯಲ್ಲ. ಎದುರಿಗಿರೋನಿಗೆ ಏನು ಬೇಕು ಅಂತ ಕೇಳೋದು, ಹೇಳೋವರೆಗೂ ಕಾಯೋದು. ಅಷ್ಟು ಗೊತ್ತು. ನಾಳೆ ಬೆಳಿಗ್ಗೆ ಹೋಗಿ ಹೇಳು.”

“ಹೇಳಿದ್ರೆ ಇನ್ನು ಈ ಕಡೆ ಬರಬೇಡ ಅಂತಾರೆ.”

“ಅಂದ್ರೆ ಅಂದ್ರು.”

“ನನಗೆ ಬೇರೆ ಯಾರೂ ಇಲ್ಲ.”

ದೊಡ್ಡಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಗೊತ್ತು ಕಣೇ” ಎಂದರು. “ಆದ್ರೂ ಹೋಗಿ ಹೇಳು.”

ಸೋಮವಾರ ಎಂಟಕ್ಕೆ ಅವಳು ವಾರ್ಡಿನ ಬಾಗಿಲಲ್ಲಿ ಡಾಕ್ಟರನ್ನು ಹಿಡಿದಳು. ಅವತ್ತು ಹೇಳಿದ ಮಾತು ರೋಗಿಯದಲ್ಲ, ತನ್ನದು. ತಾನು ಅವರ ಕಡೆಯವಳೂ ಅಲ್ಲ ಎಂದಳು. ಡಾಕ್ಟರು ಒಂದು ಕ್ಷಣ ಅವಳನ್ನು ನೋಡಿದ ರೀತಿಗೆ ಅವಳು ನೆಲ ನೋಡಬೇಕಾಯಿತು.

“ಇದೇನು ನಾಟಕದ ಸ್ಟೇಜಾ ಅಮ್ಮ? ಮನುಷ್ಯರ ಜೀವ!”

“ತಪ್ಪಾಯ್ತು.”

“ನನ್ನ ಹತ್ರ ಯಾಕೆ ಹೇಳ್ತೀರಿ, ಅವರ ಹತ್ರ ಹೇಳಿ ನಡೀರಿ.”

ಅವನು ಹಾಸಿಗೆಯಲ್ಲಿ ಎದ್ದು ಕೂತ. ಅವಳು ನಿಂತೇ ಹೇಳಿದಳು, ಮಂಚದ ಕಂಬಿ ಹಿಡಿದುಕೊಂಡು. ತಾನು ಚರ್ಚಿನವಳು ಹೌದು, ಆದರೆ ಬಂದದ್ದು ಅದಕ್ಕಲ್ಲ. ತಾನು ಗುರುವಾರದವಳು. ಅವನ ನಾಯಕಿಯರೆಲ್ಲ ತಾನೇ. ಧ್ವನಿ ಉಳಿಯಲಿ ಅಂತ ತಾನೇ ಬಯಸಿ ಅವನ ಹೆಸರಿನಲ್ಲಿ ಹೇಳಿಬಿಟ್ಟದ್ದು.

ಅವನು ಸ್ಲೇಟು ಎಳೆದುಕೊಂಡು ಬರೆದ: ‘ನಾನು ಆ ಸಿನಿಮಾ ಒಂದೂ ನೋಡಿಲ್ಲ. ಟೀವಿ ಇಲ್ಲ.’

“ಗೊತ್ತಿತ್ತು” ಎಂದಳು. ಗೊತ್ತಿರಲಿಲ್ಲ.

‘ಒಂದು ಮಾತು ಹೇಳಿ.’

“ಈಗಲೇನಾ? ಇಲ್ಲೇನಾ?”

ಅವನು ಸ್ಲೇಟನ್ನು ಬೆರಳಿಂದ ಕುಟ್ಟಿದ. ಅವಳು ವಾರ್ಡಿನ ನಡುವೆ ನಿಂತು, ಸಾವಿರ ಸಲ ಹೇಳಿದ ಯಾವುದೋ ಸಾಲನ್ನು, ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ ಎಂಬ ಅರ್ಥದ ಸಾಲನ್ನು, ಇಪ್ಪತ್ತರ ಹುಡುಗಿಯ ದನಿಯಲ್ಲಿ ಹೇಳಿದಳು. ಪಕ್ಕದ ಮುದುಕರು ತಲೆಯೆತ್ತಿ ಹುಡುಗಿಯನ್ನು ಹುಡುಕಿದರು. ಅವನು ಕಣ್ಣು ಮುಚ್ಚಿ, ಕಸುಬುದಾರ ಕೇಳುವ ಹಾಗೆ, ಪೂರ್ತಿ ಕೇಳಿದ. ಆಮೇಲೆ ಬರೆದ: ‘ಕೊನೆಗೆ ಉಸಿರು ಜಾಸ್ತಿ ಬಿಡ್ತೀರಿ.’

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿದಳು. ಅವನು ಒರೆಸಿ ಮತ್ತೆ ಬರೆಯುತ್ತಿದ್ದ, ಈ ಸಲ ಒತ್ತಿ ಒತ್ತಿ: ‘ಅವತ್ತು ನೀವು ಹೇಳಿದಾಗ ನಿರಾಳವಾಯಿತು. ಯಾರೋ ಹೇಳಿ ಮುಗಿಸಿದರಲ್ಲ ಎಂದು. ಈಗ ಮತ್ತೆ ನಾನೇ ಹೇಳಬೇಕು. ನಿಮ್ಮಿಂದ ದೊಡ್ಡ ತಲೆನೋವು.’

“ನಾನು ಹೊರಗಿರ್ತೀನಿ. ನೀವು ಡಾಕ್ಟ್ರ ಹತ್ರ ಮಾತಾಡಿ.”

ಅವಳು ಕಾರಿಡಾರಿನ ಬೆಂಚಿನ ಮೇಲೆ ಒಂದೂವರೆ ಗಂಟೆ ಕೂತಳು. ಒಳಗೆ ಕರೆಯಲಿಲ್ಲ. ಕೊನೆಗೆ ನರ್ಸ್ ಬಂದು, ಧ್ವನಿಪೆಟ್ಟಿಗೆ ತೆಗೆಯುವುದಕ್ಕೆ ಸಹಿ ಹಾಕಿದ್ದಾರೆ, ಬುಧವಾರ ಬೆಳಿಗ್ಗೆ ಏಳಕ್ಕೆ ಆಪರೇಷನ್ನು, ಜೊತೆಗೆ ಒಬ್ಬರು ಇರಲೇಬೇಕಂತೆ ಎಂದಳು. “ನಿಮ್ಮನ್ನ ಕೇಳಿ ಅಂತ ಬರೆದಿದಾರೆ. ಬೇರೆ ಯಾರೂ ಗೊತ್ತಿಲ್ವಂತೆ.”

ಬುಧವಾರ ಅವಳು ಆರಕ್ಕೇ ಹೋದಳು. ಅವನಿಗೆ ಹಸಿರು ಬಟ್ಟೆ ತೊಡಿಸಿ ಗಾಲಿಮಂಚಕ್ಕೆ ಹಾಕಿದ್ದರು. ಇನ್ನು ಮಾತಾಡಬಾರದೆಂಬ ಕಟ್ಟಳೆಗೆ ಅರ್ಥವಿರಲಿಲ್ಲ. ಉಳಿದ ಧ್ವನಿಯನ್ನು ಹೇಗೆ ಬೇಕಾದರೂ ಖರ್ಚು ಮಾಡಬಹುದಿತ್ತು. ಅವಳಿಗೂ ಅದು ಗೊತ್ತಿತ್ತು. ಬೇಡ ಬೇಡವೆಂದರೂ ಅವಳ ಒಂಬತ್ತು ವರ್ಷದ ಕಿವಿ ಅವನ ಕಡೆ ವಾಲಿತು.

ಲಿಫ್ಟಿನ ಬಾಗಿಲಲ್ಲಿ ಅವನು ಕೈಸನ್ನೆ ಮಾಡಿ ಮಂಚ ನಿಲ್ಲಿಸಿದ. ಅವಳು ಬಗ್ಗಿದಳು. ತಗಡಿನ ಮೇಲೆ ಇಟ್ಟಿಗೆ ಎಳೆದಂಥ ಸದ್ದಿನಲ್ಲಿ ಅವನು ಹೇಳಿದ:

“ಬಚ್ಚಲ ನಲ್ಲಿ ತೆರೆದೇ ಬಂದಿದೀನಿ ಅನ್ಸುತ್ತೆ. ಟ್ಯಾಂಕ್ ಖಾಲಿಯಾದ್ರೆ ಕೆಳಗಿನ ಮನೆಯವನು ಬಾಯಿಗೆ ಬಂದಂಗೆ ಬಯ್ತಾನೆ. ನೋಡಿ ಬನ್ನಿ.” ಉಸಿರೆಳೆದುಕೊಂಡ. “ಬೀಗದ ಕೈ ದಿಂಬಿನ ಕೆಳಗಿದೆ.”

ಲಿಫ್ಟು ಮುಚ್ಚಿತು. ಅದೇ ಕೊನೆಯ ಮಾತು.

ಆಪರೇಷನ್ನಿಗೆ ಆರು ತಾಸು ಬೇಕಂತೆ. ಫೈಲಿನಲ್ಲಿದ್ದ ವಿಳಾಸ ಬರೆದುಕೊಂಡು, ನರ್ಸಿಗೆ ಹೇಳಿ ಅವಳು ಬಸ್ಸು ಹತ್ತಿದಳು. ಅವನದು ಎರಡನೇ ಮಹಡಿಯ ಒಂದು ಕೋಣೆ, ಒಂದು ಬಚ್ಚಲು. ನಲ್ಲಿ ಮುಚ್ಚಿಯೇ ಇತ್ತು. ಬಕೆಟ್ಟು ಒಣಗಿ ಜೇಡರ ಬಲೆ ಕಟ್ಟಿತ್ತು. ಇನ್ನೊಂದು ಸುತ್ತು ಬಿಗಿ ಮಾಡಿದಳು. ಸಿನಿಮಾದಲ್ಲಾಗಿದ್ದರೆ ಇಲ್ಲೊಂದು ಡೈರಿ ಸಿಗಬೇಕಿತ್ತು, ಗೋಡೆಯ ಮೇಲೊಂದು ಫೋಟೋ ಇರಬೇಕಿತ್ತು. ಹಗ್ಗದ ಮೇಲೆ ಎರಡು ಬನಿಯನ್ನು, ಒಂದು ಕುರ್ಚಿ, ಮಗುಚಿಟ್ಟ ಒಂದು ತಟ್ಟೆ. ಅವಳ ಕೋಣೆಯಲ್ಲಿಯೂ ತಟ್ಟೆ ಒಂದೇ. ಉಸಿರಾಡಲು ಗಂಟಲಿಗೆ ಕೊಳವೆ ಹಾಕಿದ ಮೇಲೆ ತಲೆಯಿಂದ ಎಳೆದುಕೊಳ್ಳುವ ಬಟ್ಟೆ ಆಗುವುದಿಲ್ಲ, ಮುಂದೆ ಗುಂಡಿಯಿರುವ ಅಂಗಿಗಳೇ ಬೇಕೆಂದು ನರ್ಸ್ ಹೇಳಿದ್ದಳು. ಹುಡುಕಿ ಎರಡನ್ನು ಚೀಲಕ್ಕೆ ಹಾಕಿಕೊಂಡು, ಬೀಗ ಎರಡು ಸಲ ಜಗ್ಗಿ ನೋಡಿ, ಆಸ್ಪತ್ರೆಗೆ ವಾಪಸು ಬಂದು ಬೆಂಚಿನ ಮೇಲೆ ಕೂತಳು.

ಅವನು ಬದುಕಿಕೊಂಡ. ಹತ್ತು ದಿನ ಅವಳು ಬೆಳಿಗ್ಗೆ ಹೋಗಿ, ಕೊಳವೆ ತೊಳೆಯುವುದನ್ನು ನರ್ಸಿನಿಂದ ಕಲಿತಳು. ಮೊದಲ ಸಲ ಅವನು ಕೆಮ್ಮಿದಾಗ ಕಫ ಅವಳ ಕೈಮೇಲೆಲ್ಲ ಬಿತ್ತು. ಹೇಸಿಗೆಯಾಯಿತು. ಕೈ ತೊಳೆದುಕೊಂಡು ಬಂದು ಮತ್ತೆ ಹಿಡಿದಳು. ಒಳಗೆ ಯಾವ ಸಂಗೀತವೂ ಏಳಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, ನಾಳೆ ಹೋಗದಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳುತ್ತಿದ್ದಳು. ತನಗೇನೂ ಆಗುವುದಿಲ್ಲ, ಅವನ ಕೊಳವೆ ಕಟ್ಟಿಕೊಳ್ಳುತ್ತದೆ ಎಂಬ ಉತ್ತರ ಬರುತ್ತಿತ್ತು. ಬೆಳಿಗ್ಗೆ ಎದ್ದು ಹೋಗುತ್ತಿದ್ದಳು.

ಹನ್ನೊಂದನೇ ದಿನ ಅವಳು ತಂದಿದ್ದ ಅಂಗಿ ತೊಡಿಸಿದರು. ಅವನು ಕೂತು ತೋಳು ಜಗ್ಗಿಕೊಂಡು ಸ್ಲೇಟು ತೆಗೆದ. ‘ಬಿಗಿ. ನೀಲಿಯದು ತರಬೇಕಿತ್ತು.’

ಅವಳು ಓದಿದಳು. ಅದರ ಕೆಳಗೆ ಕೈ ಇನ್ನೇನಾದರೂ ಬರೆಯುತ್ತದೋ ಎಂದು ನೋಡಿದಳು. ಕೈ ಸ್ಲೇಟು ಒರೆಸಿ ದಿಂಬಿನ ಕೆಳಗಿಟ್ಟಿತು.

“ನೀಲಿದು ಎಲ್ಲಿರುತ್ತೆ?”

ಅವನು ಬಾಯಿ ತೆರೆದ. ತುಟಿ ಅಲ್ಲಾಡಿತು, ಏನೂ ಬರಲಿಲ್ಲ. ಧ್ವನಿ ಇಲ್ಲವೆಂಬುದನ್ನೇ ಮರೆತಿದ್ದ. ಬಾಯಿ ಹಾಗೇ ತೆರೆದುಕೊಂಡು ಅವಳನ್ನು ನೋಡಿದ. ಆ ನೋಟದಲ್ಲಿ ಎಂಥ ಮಾತು ಬೇಕಾದರೂ ಕೂರುತ್ತಿತ್ತು. ಅವಳು ಸುಮ್ಮನೆ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವನು ದಿಂಬಿನ ಕೆಳಗೆ ಕೈ ಹಾಕಿ, ತಡಕಾಡಿ, ಸ್ಲೇಟು ಎಳೆದುಕೊಂಡು, ನಿಧಾನವಾಗಿ ಬರೆಯತೊಡಗಿದ.